ಜೀಪು ಎತ್ತಿಸುವ ಮೊದಲು ಟೇಪು ಹಿಡಿಯಿರಿ

(ಸಕಲೇಶಪುರದ ಹತ್ತಿರದ ಒಂದು ತೋಟದಲ್ಲಿ ಜೀಪು, ಜಿಪ್ಸಿ ಇಟ್ಟುಕೊಂಡಿರುವ ಗೆಳೆಯರೆಲ್ಲ ಸೇರಿದ್ದಾಗ ಆಡಿದ ಮಾತುಗಳಿವು. ಅಲ್ಲಿ ಕೈಯಲ್ಲಿ ತೋರಿಸಿದ್ದನ್ನು ಇಲ್ಲಿ ಬರೆದು ಹೇಳಬೇಕಾಗಿದ್ದರಿಂದ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ನಿಂತಿರುವ ಗಾಡಿಗಳನ್ನು ಒಂದೊಂದಾಗಿ ನೋಡಿಕೊಂಡೇ ಒಳಗೆ ಬಂದೆ. ಅರ್ಧಕ್ಕಿಂತ ಜಾಸ್ತಿ ಜಿಪ್ಸಿಗಳೇ ಇವೆ. ಹಾಗಾಗಿ ಗಾಡಿ ಎತ್ತಿಸುವುದರ ಬಗ್ಗೆ, ಅಂದರೆ ಅದರ ಬಾಡಿಯನ್ನು ನೆಲದಿಂದ ಇನ್ನಷ್ಟು ಎತ್ತರ ಮಾಡಿಸುವುದರ ಬಗ್ಗೆ, ಇವತ್ತು ಮಾರುತಿ ಜಿಪ್ಸಿಯನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಥಾರ್, ಜಿಮ್ನಿ ಇರುವವರಿಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. "ಕಡಿಮೆ ದುಡ್ಡಲ್ಲಿ ಎಷ್ಟು ಇಂಚು ಎತ್ತಿಸಬಹುದು?" ನಾನು ತಿರುಗಿ ಕೇಳುತ್ತೇನೆ, ಗಾಡಿಯ ಯಾವ ಭಾಗ ನೆಲಕ್ಕೆ ತಾಗುತ್ತಿದೆ? ಇದಕ್ಕೆ ಉತ್ತರ ಬೇಗ ಬರುವುದಿಲ್ಲ. ಬಂಪರ್ ತಾಗುತ್ತಿದೆಯಾ, ಸೈಲೆನ್ಸರ್ ತಾಗುತ್ತಿದೆಯಾ, ಹೌಸಿಂಗಿನ ಗುಂಡು ತಾಗುತ್ತಿದೆಯಾ, ಇಲ್ಲ ಟೈರು ಫೆಂಡರಿಗೆ ಉಜ್ಜುತ್ತಿದೆಯಾ? ಒಂದೊಂದಕ್ಕೂ ಔಷಧಿ ಬೇರೆ. ಜಿಪ್ಸಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಎರಡು ಚಕ್ರದ ನಡುವೆ ಒಂದು ಕೊಳವೆ, ಅದರ ಮಧ್ಯದಲ್ಲಿ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳಿರುವ ಡಿಫರೆನ್ಷಿಯಲ್ ಗುಂಡು. ನೀವು ಕಮಾನಿನಲ್ಲಿ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನಲ್ಲಿ, ಎರಡಲ್ಲ, ಆರು ಇಂಚು ಎತ್ತಿಸಿದರೂ ಆ ಗುಂಡು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಮೇಲೆ ಹೋಗುವುದು ಚಾಸಿಸ್ ಮತ್ತು ಬಾಡಿ ಮಾತ್ರ. ಗುಂಡು ಮೇಲೆ ಬರಬೇಕಾದರೆ ಟೈರು ದೊಡ್ಡದಾಗಬೇಕು, ಬೇರೆ ಸುಲಭ ದಾರಿ ಇಲ್ಲ. ತೋಟದ ದಾರಿಯಲ್ಲಿ ಎರಡು ಗಾಲಿ ಜಾಡಿನ ನಡುವೆ ಎದ್ದಿರುವ ಮಣ್ಣಿನ ದಿಣ್ಣೆಗೆ ತಾಗುವುದು ಆ ಗುಂಡೇ, ಅಲ್ವಾ?

ಸರಿ, ಟೈರಿನ ಲೆಕ್ಕ ಮಾಡಿಬಿಡೋಣ. ಜಿಪ್ಸಿಗೆ ಕಂಪನಿ ಕೊಟ್ಟ ಟೈರು 205/70 ಆರ್15. 205ರ ಶೇಕಡಾ 70 ಅಂದರೆ 143.5 ಮಿಲಿಮೀಟರ್. ಅದು ಟೈರಿನ ಪಕ್ಕದ ಗೋಡೆಯ ಎತ್ತರ. ಮೇಲೊಂದು ಕೆಳಗೊಂದು ಸೇರಿ 287. ನಡುವೆ 15 ಇಂಚಿನ ರಿಮ್ಮು, ಅಂದರೆ 381. ಒಟ್ಟು 668 ಮಿಲಿಮೀಟರ್. ತುಂಬ ಜನ ಹಾಕಿಸುವ 235/75 ಆರ್15 ಟೈರಿಗೆ ಇದೇ ಲೆಕ್ಕ ಹಾಕಿದರೆ ಸುಮಾರು 733 ಬರುತ್ತದೆ. ವ್ಯತ್ಯಾಸ 65. ಆಕ್ಸಲ್ ಇರುವುದು ಟೈರಿನ ನಡುವಿನಲ್ಲಿ, ಹಾಗಾಗಿ ಗುಂಡು ಮೇಲೆ ಬರುವುದು ಅದರ ಅರ್ಧ, 32 ಮಿಲಿಮೀಟರ್. ಒಂದೂಕಾಲು ಇಂಚು. ಇಷ್ಟೇನಾ ಅನ್ನಬೇಡಿ, ಕಲ್ಲಿನ ಮೇಲೆ ಅದು ದೊಡ್ಡ ವ್ಯತ್ಯಾಸ. ಆದರೆ ಅದಕ್ಕೂ ಬೆಲೆ ಇದೆ. ಟೈರಿನ ಸುತ್ತಳತೆ ಸುಮಾರು ಶೇಕಡಾ 10 ಜಾಸ್ತಿಯಾಗುತ್ತದೆ. ಮೀಟರ್ 60 ತೋರಿಸುವಾಗ ನೀವು 66ರಲ್ಲಿ ಇರುತ್ತೀರಿ. ಏರಿನಲ್ಲಿ ಇಂಜಿನ್ನಿಗೆ ಅಷ್ಟೇ ಹೊರೆ ಜಾಸ್ತಿ, ಬ್ರೇಕಿಗೂ ಜಾಸ್ತಿ. 215/75 ಆರ್15 ಹಾಕಿದರೆ ಗುಂಡು ಸುಮಾರು 18 ಮಿಲಿಮೀಟರ್ ಏರುತ್ತದೆ, ಮೀಟರಿನ ತಪ್ಪು ಶೇಕಡಾ 5ರ ಆಸುಪಾಸು. ನನಗೆ ತೋಟಕ್ಕೂ ಪೇಟೆಗೂ ಒಂದೇ ಗಾಡಿ, ಅದಕ್ಕೆ ಇದೇ ಸಾಕು ಅನಿಸಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತು, ಹದಿನೈದು, ಇಪ್ಪತ್ತು ವರ್ಷ ದುಡಿದ ಗಾಡಿಯ ಕಮಾನು ಕುಗ್ಗಿರುತ್ತದೆ. ನೀವು ಎತ್ತಿಸಬೇಕು ಅಂದುಕೊಂಡಿರುವ ಎರಡು ಇಂಚಿನಲ್ಲಿ ಒಂದು ಇಂಚು ನಿಮ್ಮದೇ, ಕಳೆದುಹೋಗಿರುವುದು. ಮೊದಲು ಅದನ್ನು ವಾಪಸ್ ಪಡೆಯಿರಿ. ಕಡಿಮೆ ದುಡ್ಡಿನ ಕೆಲಸದಲ್ಲಿ ಇದರಷ್ಟು ಸುರಕ್ಷಿತವಾದದ್ದು ಬೇರೆ ಇಲ್ಲ, ಏಕೆಂದರೆ ಕಂಪನಿ ಲೆಕ್ಕ ಹಾಕಿದ ಎತ್ತರಕ್ಕೇ ನೀವು ವಾಪಸ್ ಹೋಗುತ್ತಿದ್ದೀರಿ, ಶಾಫ್ಟು, ಸ್ಟೀರಿಂಗ್, ಬ್ರೇಕ್ ಹೋಸು ಎಲ್ಲವನ್ನೂ ಆ ಎತ್ತರಕ್ಕೆ ಅಂತಲೇ ಮಾಡಿರುತ್ತಾರೆ.

ಅಳೆಯುವುದು ಹೀಗೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಇರಲಿ. ಗಾಡಿಯನ್ನು ಒಂದೆರಡು ಸಲ ಹಿಂದೆ ಮುಂದೆ ಮಾಡಿ, ಬಂಪರ್ ಒತ್ತಿ ಕುಲುಕಿಸಿ, ಕಮಾನು ತನ್ನ ಜಾಗಕ್ಕೆ ಕೂರಲಿ. ಆಮೇಲೆ ಚಕ್ರದ ಹಬ್ಬಿನ ನಡುಮಧ್ಯದಿಂದ ನೇರ ಮೇಲೆ ಫೆಂಡರಿನ ಅಂಚಿಗೆ ಟೇಪು ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದು ಬೇಡ. ನಾಲ್ಕು ಚಕ್ರದ್ದೂ ಬರೆದಿಡಿ. ಒಬ್ಬರೇ ಓಡಿಸುವ ಗಾಡಿ ಬಲಕ್ಕೆ ವಾಲಿರುವುದನ್ನು ನಾನು ತುಂಬ ನೋಡಿದ್ದೇನೆ. ಎಡ ಬಲದ ನಡುವೆ ಒಂದು ಬೆರಳಿನಷ್ಟು ವ್ಯತ್ಯಾಸ ಕಂಡರೆ ಗಾಡಿ ಎತ್ತಿಸುವ ಮಾತು ಅಲ್ಲಿಗೆ ಬಿಡಿ, ಮೊದಲು ಕಮಾನು ಬಿಚ್ಚಿಸಿ ನೋಡಿ.

ಕಮಾನ್ ಪಟ್ಟಿ ಕೆಲಸದವರು ಹೆದ್ದಾರಿ ಊರುಗಳಲ್ಲೆಲ್ಲ ಸಿಗುತ್ತಾರೆ, ಲಾರಿ ನಿಲ್ಲುವ ಕಡೆ ಹೋಗಿ ಕೇಳಿದರೆ ಸಾಕು. ಅವರಿಗೆ ಎರಡು ಕೆಲಸ ಹೇಳಬಹುದು. ಒಂದು, ಇರುವ ಪಟ್ಟಿಗಳಿಗೇ ಮತ್ತೆ ಬಾಗು ಕೊಡಿಸುವುದು. ಇನ್ನೊಂದು, ಹೊಸದಾಗಿ ಒಂದು ಪಟ್ಟಿ ಸೇರಿಸುವುದು. ಬಾಗು ಕೊಡಿಸುವಾಗ ನೀವು ಅಲ್ಲೇ ನಿಂತು ನೋಡಬೇಕು ಅಂತ ನನ್ನ ಕಳಕಳಿಯ ಮಾತು. ಸ್ಪ್ರಿಂಗ್ ಉಕ್ಕನ್ನು ಕಾಯಿಸಿ, ಒಮ್ಮೆಲೇ ತಣಿಸಿ, ಮತ್ತೆ ಹದವಾಗಿ ಕಾಯಿಸಿ ಅದಕ್ಕೊಂದು ಹದ ತಂದಿರುತ್ತಾರೆ. ಆ ಹದ ಇರುವುದರಿಂದಲೇ ಅದು ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಬಗ್ಗಿಸಿದರೆ ಹದ ಹೋಯಿತು. ನೋಡಲು ಚೆನ್ನಾಗಿರುತ್ತದೆ, ಕೆಲವು ದಿನಕ್ಕೆ ಮತ್ತೆ ಕುಗ್ಗುತ್ತದೆ, ಇಲ್ಲವೇ ಕಾಯಿಸಿದ ಜಾಗದಲ್ಲೇ ತುಂಡಾಗುತ್ತದೆ. ತಣ್ಣಗಿರುವಾಗಲೇ ಸುತ್ತಿಗೆಯಿಂದಲೋ ಪ್ರೆಸ್ಸಿನಿಂದಲೋ ಸ್ವಲ್ಪ ಸ್ವಲ್ಪವೇ ಬಾಗು ಕೊಡುವವರ ಹತ್ತಿರ ಮಾಡಿಸಿ. ಅದೂ ಶಾಶ್ವತ ಅಲ್ಲ, ಕಾಲ ಕಳೆದ ಹಾಗೆ ಸ್ವಲ್ಪ ಇಳಿಯುತ್ತದೆ. ಕಮಾನಿನ ಮೇಲೆ ವೆಲ್ಡಿಂಗ್ ಮಾತ್ರ ಯಾವ ಕಾರಣಕ್ಕೂ ಬೇಡ.

ಪಟ್ಟಿ ಸೇರಿಸುವುದು ಗೊಬ್ಬರದ ಮೂಟೆ, ಕಾಫಿ ಮೂಟೆ ಹೊರುವ ಗಾಡಿಗೆ ಒಳ್ಳೆಯದು. ಖಾಲಿ ಓಡುವ ಗಾಡಿಗೆ ಅಷ್ಟಾಗಿ ಒಗ್ಗುವುದಿಲ್ಲ. ಕಮಾನು ಬಿಗಿಯಾಗುತ್ತದೆ, ಗುಂಡಿಯಲ್ಲಿ ಚಕ್ರ ಕೆಳಗಿಳಿಯುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ. ಗಾಳಿಯಲ್ಲಿರುವ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎತ್ತರ ಸಿಕ್ಕಿ ಹಿಡಿತ ಹೋದರೆ ಏನು ಬಂತು?

ಮೂರನೆಯದು ಉದ್ದ ಶ್ಯಾಕಲ್. ಅಗ್ಗ ಅಂತ ಎಲ್ಲರೂ ಮೊದಲು ಹೋಗುವುದು ಇದಕ್ಕೇ. ಕಮಾನಿನ ಒಂದು ತುದಿ ಚಾಸಿಸ್ಸಿಗೆ ಪಿನ್ ಆಗಿರುತ್ತದೆ, ಇನ್ನೊಂದು ತುದಿ ತೂಗುವ ಎರಡು ಪಟ್ಟಿಗಳಲ್ಲಿ ನೇತಾಡುತ್ತದೆ. ಆ ಪಟ್ಟಿಗಳೇ ಶ್ಯಾಕಲ್. ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಯಾಕೆಂದರೆ ಆಕ್ಸಲ್ ಇರುವುದು ಕಮಾನಿನ ನಡುವಿನಲ್ಲಿ. ಇದರ ಜೊತೆಗೆ ಇನ್ನೊಂದು ಆಗುತ್ತದೆ. ಜಿಪ್ಸಿಯಲ್ಲಿ ಮುಂದಿನ ಶ್ಯಾಕಲ್ ಬಂಪರಿನ ಕಡೆ ಇದೆ. ಆ ತುದಿ ಕೆಳಗಿಳಿದಾಗ ಇಡೀ ಆಕ್ಸಲ್ ಸ್ವಲ್ಪ ಮುಂದಕ್ಕೆ ಮಗುಚುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿದ್ದೀರಲ್ಲ, ಮೇಲ್ಭಾಗ ಹಿಂದಕ್ಕೆ ವಾಲಿರುತ್ತದೆ. ಹಾಗೆ ವಾಲಿರುವುದರಿಂದಲೇ ಕೈ ಬಿಟ್ಟರೂ ಹ್ಯಾಂಡಲ್ ನೇರ ನಿಲ್ಲುತ್ತದೆ. ಗಾಡಿಯಲ್ಲಿ ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಉದ್ದ ಶ್ಯಾಕಲ್ ಆ ವಾಲನ್ನು ಕಡಿಮೆ ಮಾಡುತ್ತದೆ. ತೋಟದ ಒಳಗೆ ಗೊತ್ತಾಗುವುದಿಲ್ಲ. ಹಾಸನ ರಸ್ತೆಗೆ ಹತ್ತಿ 70 ಮುಟ್ಟಿದ ಕೂಡಲೇ ಗಾಡಿ ಅಲೆಯಲು ಶುರು ಮಾಡುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಕಮಾನಿಗೂ ಆಕ್ಸಲ್ಲಿಗೂ ನಡುವೆ ಉಕ್ಕಿನ ಬೆಣೆ ಕೊಟ್ಟು ಇದನ್ನು ಒಂದೆರಡು ಡಿಗ್ರಿ ಸರಿಪಡಿಸಬಹುದು. ಮುಂದಿನ ಆಕ್ಸಲ್ಲಿಗೆ ಅಲ್ಯೂಮಿನಿಯಂ ಬೆಣೆ ಬೇಡ, ಒಡೆಯುತ್ತದೆ. ಹಿಂದಿನ ಕಡೆ ಉದ್ದ ಶ್ಯಾಕಲ್ ಹಾಕಿದರೆ ಹೌಸಿಂಗಿನ ಮೂತಿ ಮೇಲಕ್ಕೆ ತಿರುಗಿ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ಕ್ರಾಸ್‌ಗಳ (ಬಾಗುವ ಕೀಲುಗಳ) ಕೋನ ಬೇರೆ ಬೇರೆ ಆಗುತ್ತದೆ, ಆಗಲೇ ಕೆಳಗಿನಿಂದ ಜುಂ ಅಂತ ನಡುಕ ಬರುವುದು.

ನನ್ನ ಜಿಪ್ಸಿಗೆ ಒಂದು ಗ್ಯಾರೇಜಿನಲ್ಲಿ ಶ್ಯಾಕಲ್ ಹಾಕಿಸಿದ್ದೆ. ಹೆಸರು ಬೇಡ. ಹುಡುಗರು ಕೆಲಸ ಚೆನ್ನಾಗಿಯೇ ಮಾಡಿದ್ದರು, ಆದರೆ ಬ್ರೇಕ್ ಹೋಸು ಹಳೆಯದೇ, ಹಳೆಯ ಉದ್ದದ್ದೇ. ನಾನೂ ಕೇಳಲಿಲ್ಲ. ಮಳೆಗಾಲ ಶುರುವಾಗಿ ತೋಟದ ಚರಂಡಿ ದಾಟುವಾಗ ಎಡಗಡೆ ಮುಂದಿನ ಚಕ್ರ ಪೂರ್ತಿ ಕೆಳಗೆ ನೇತಾಡಿತು. ಹೋಸು ತಂತಿಯ ಹಾಗೆ ಬಿಗಿಯಾಗಿ ಜಾಯಿಂಟಿನ ಹತ್ತಿರ ಬಿರುಕು ಬಿಟ್ಟಿದೆ. ಅಲ್ಲಿ ನನಗೆ ಗೊತ್ತಾಗಲಿಲ್ಲ. ಮುಂದಿನ ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಮೃದುವಾಗಿ ತಳಕ್ಕೆ ಹೋಯಿತು. ಗಾಡಿ ಲೋ ರೇಂಜಿನಲ್ಲಿ, ಅಂದರೆ ಫೋರ್ ವೀಲ್ ಡ್ರೈವಿನ ನಿಧಾನದ ಗೇರುಗಳಲ್ಲಿ, ಮೊದಲನೇ ಗೇರಿನಲ್ಲಿ ಇತ್ತು, ಆ ಕಾರಣಕ್ಕೆ ಇಂಜಿನ್ನೇ ಹಿಡಿದು ನಿಲ್ಲಿಸಿತು. ಪಕ್ಕದಲ್ಲಿ ಮಗಳು ಕೂತಿದ್ದಳು. ಇವತ್ತು ನಿಮ್ಮ ಮುಂದೆ ನಿಂತು ಇಷ್ಟು ಮಾತಾಡುತ್ತಿರುವುದಕ್ಕೆ ಅದೇ ಕಾರಣ.

ಹಾಗಾಗಿ ಎತ್ತಿಸಿದ ದಿನವೇ, ಗ್ಯಾರೇಜು ಬಿಡುವ ಮೊದಲೇ, ಒಂದು ಪರೀಕ್ಷೆ ಮಾಡಿ. ಚಾಸಿಸ್ಸಿಗೆ ಜಾಕಿ ಕೊಟ್ಟು ಸ್ಟ್ಯಾಂಡ್ ಇಟ್ಟು ಚಕ್ರ ಪೂರ್ತಿ ನೇತಾಡುವ ಹಾಗೆ ಮಾಡಿ. ಬ್ರೇಕ್ ಹೋಸು ಇನ್ನೂ ಸಡಿಲ ಇದೆಯಾ? ಸ್ಟೀರಿಂಗನ್ನು ಎಡ ತುದಿ, ಬಲ ತುದಿ ತಿರುಗಿಸಿದಾಗಲೂ ಸಡಿಲ ಇದೆಯಾ? ಹ್ಯಾಂಡ್ ಬ್ರೇಕ್ ಕೇಬಲ್ ಎಳೆಯುತ್ತಿದೆಯಾ? ಆಕ್ಸಲ್ ಮೇಲಿನ ಬ್ರೀದರ್ ಪೈಪು (ಒಳಗಿನ ಗಾಳಿ ಆಡಲು ಬಿಟ್ಟ ಕೊಳವೆ) ಕಿತ್ತು ಬರುತ್ತಿದೆಯಾ? ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜಾಯಿಂಟು ಎಷ್ಟು ಹೊರಗೆ ಬಂದಿದೆ? ಒಳಗೆ ಹಲ್ಲು ಕಚ್ಚಿಕೊಂಡಿರುವುದು ಕಡಿಮೆಯಾದರೆ ಒಂದು ದಿನ ಶಾಫ್ಟೇ ಕಳಚಿ ಬೀಳುತ್ತದೆ. ಆಮೇಲೆ ಚಕ್ರವನ್ನು ನೆಲಕ್ಕೆ ಇಳಿಸಿ, ಒಂದು ಚಕ್ರವನ್ನು ಮಾತ್ರ ಕಲ್ಲು ಕಟ್ಟೆಯ ಮೇಲೆ ಹತ್ತಿಸಿ. ಈಗ ಆ ಕಡೆ ಕಮಾನು ಪೂರ್ತಿ ಒತ್ತಿರುತ್ತದೆ. ಟೈರು ಎಲ್ಲಿ ಉಜ್ಜುತ್ತದೆ, ಆಕ್ಸಲ್ ತೀರಾ ಮೇಲೆ ಬಾರದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪಿಗೆ ತಾಗುವ ಮೊದಲೇ ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿಕೊಳ್ಳುತ್ತದಾ ನೋಡಿ. ಹಾಗೆ ಮುಚ್ಚಿಕೊಂಡರೆ ಪ್ರತಿ ಗುಂಡಿಯ ಹೊಡೆತವೂ ಶಾಕಿನ ಮೇಲೇ ಬೀಳುತ್ತದೆ.

ಶಾಕ್ ಬಗ್ಗೆ ಇನ್ನೊಂದು ಮಾತು. ಎತ್ತಿಸಿದ ಗಾಡಿಗೆ ಹಳೆಯ ಉದ್ದದ ಶಾಕ್ ಬಿಟ್ಟರೆ, ಚಕ್ರ ಕೆಳಗಿಳಿಯುವಾಗ ಅದೇ ಹಗ್ಗದ ಹಾಗೆ ಎಳೆದು ನಿಲ್ಲಿಸುತ್ತದೆ. ಶಾಕ್ ಇರುವುದು ಆ ಕೆಲಸಕ್ಕೆ ಅಲ್ಲ. ಅದರ ಮೌಂಟು ಕಿತ್ತು ಬರುತ್ತದೆ, ಕಷ್ಟಪಟ್ಟು ಪಡೆದ ಎತ್ತರದಲ್ಲಿ ಚಕ್ರಕ್ಕೆ ಓಡಾಡಲು ಜಾಗವೇ ಇರುವುದಿಲ್ಲ. ಗಾಡಿ ಸಮ ನೆಲದಲ್ಲಿ ನಿಂತಾಗ ಶಾಕಿನ ರಾಡು ಹೆಚ್ಚುಕಡಿಮೆ ಅರ್ಧ ಹೊರಗೆ, ಅರ್ಧ ಒಳಗೆ ಇರಬೇಕು. ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ, ಇವೆರಡನ್ನೂ ಬರೆದುಕೊಂಡು ಅಂಗಡಿಗೆ ಹೋದರೆ ಬೇರೆ ಗಾಡಿಯ ಶಾಕಿನಲ್ಲೇ ಹೊಂದುವುದು ಸಿಗಬಹುದು. ದುಡ್ಡು ಉಳಿಯುವುದು ಇಂಥ ಕಡೆ.

ದುಡ್ಡು ಉಳಿಸಬಾರದ ಕಡೆ ಯಾವುದು? ಬೋಲ್ಟು. ಕಮಾನನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟ್ ಒಮ್ಮೆ ಬಿಗಿದರೆ ಅದು ಸ್ವಲ್ಪ ಎಳೆದುಕೊಂಡಿರುತ್ತದೆ, ಬಿಚ್ಚಿದ ಮೇಲೆ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಶ್ಯಾಕಲ್ ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಅಂಕಿ ಇರಬೇಕು. 8.8 ಅಂದರೆ ತುಂಡಾಗುವ ಮೊದಲು 800 ಮೆಗಾಪಾಸ್ಕಲ್ ಒತ್ತಡ ತಡೆಯುತ್ತದೆ, ಅದರ ಶೇಕಡಾ 80ರವರೆಗೆ ಶಾಶ್ವತವಾಗಿ ಎಳೆದುಕೊಳ್ಳುವುದಿಲ್ಲ ಅಂತ ಅರ್ಥ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೆ ಸರಿ, ಗಾಡಿಗೆ ಬೇಡ. ರಬ್ಬರ್ ಬುಶ್ ಕೂಡ ಹೊಸದು ಹಾಕಿ, ಅದರ ಬೆಲೆ ತುಂಬ ಕಡಿಮೆ. ಗಾಡಿಯ ಭಾರ ನಾಲ್ಕು ಚಕ್ರದ ಮೇಲೆ ಕೂತ ಮೇಲೆಯೇ ಶ್ಯಾಕಲ್ ಬೋಲ್ಟನ್ನು ಕೊನೆಯ ಬಿಗಿ ಮಾಡಿ, ನೇತಾಡುವಾಗ ಬಿಗಿದರೆ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ. 100 ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲ ಯು ಬೋಲ್ಟ್‌ಗಳನ್ನು ಮತ್ತೆ ಟಾರ್ಕ್ ಸ್ಪ್ಯಾನರಿನಿಂದ (ಬಿಗಿ ಎಷ್ಟಿದೆ ಅಂತ ತೋರಿಸುವ ಸ್ಪ್ಯಾನರ್) ನೋಡಿ, 500ಕ್ಕೆ ಇನ್ನೊಮ್ಮೆ.

ಇನ್ನು ಕೆಲವರು ಲಾರಿಗಳಲ್ಲಿ ನೋಡಿ ಕಮಾನಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಬ್ಲಾಕ್ ಇಡೋಣ ಅನ್ನುತ್ತಾರೆ. ಜಿಪ್ಸಿಯಲ್ಲಿ ಕಮಾನು ಆಕ್ಸಲ್ಲಿನ ಕೆಳಗಿದೆ. ಅಲ್ಲಿ ಬ್ಲಾಕ್ ಇಟ್ಟರೆ ಗಾಡಿ ಇನ್ನೂ ಕೆಳಗೆ ಬರುತ್ತದೆ! ಕಮಾನು ಮೇಲಿರುವ ಗಾಡಿಗಳಲ್ಲಿ ಹಿಂದೆ ಒಂದು ಬ್ಲಾಕ್ ಇಡಬಹುದು, ಒಂದರ ಮೇಲೊಂದು ಬೇಡ. ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಬೇಡವೇ ಬೇಡ, ಬ್ರೇಕ್ ಹಾಕಿದಾಗ ಅದು ಉರುಳಿ ಬಂದರೆ ಸ್ಟೀರಿಂಗ್ ನಿಮ್ಮ ಕೈಯಲ್ಲಿ ಇರುವುದಿಲ್ಲ. ಜಿಪ್ಸಿಯ ಕಮಾನನ್ನು ಕೆಳಗಿನಿಂದ ಆಕ್ಸಲ್ಲಿನ ಮೇಲಕ್ಕೆ ತರುವ ಕೆಲಸವೂ ಇದೆ. ಅದರಿಂದ ನಾಲ್ಕೈದು ಇಂಚು ಸಿಗುತ್ತದೆ. ಆದರೆ ಹೊಸ ಪ್ಯಾಡ್ ವೆಲ್ಡಿಂಗ್, ಸ್ಟೀರಿಂಗ್ ಲಿಂಕ್, ಶಾಫ್ಟು, ಹೋಸು, ಶಾಕು ಎಲ್ಲ ಬದಲಾಗಬೇಕು. ಕಡಿಮೆ ದುಡ್ಡಿನ ಮಾತು ಅಲ್ಲಿಗೆ ಮುಗಿಯಿತು. ನನ್ನ ಮಿತಿ ಎರಡು ಇಂಚು.

ಎರಡೇ ಯಾಕೆ ಅಂತ ಕೇಳಬಹುದು. ಜಿಪ್ಸಿಯ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1300 ಮಿಲಿಮೀಟರ್. ಲೆಕ್ಕಕ್ಕೆ ಅಂತ ಗಾಡಿಯ ಭಾರದ ಕೇಂದ್ರ ನೆಲದಿಂದ 650ರಲ್ಲಿ ಇದೆ ಅಂದುಕೊಳ್ಳಿ. ಆಗ ಅದು ಪಕ್ಕಕ್ಕೆ 45 ಡಿಗ್ರಿ ವಾಲಿದಾಗ ಮಗುಚಬೇಕು. ಕೇಂದ್ರವನ್ನು 50 ಮಿಲಿಮೀಟರ್ ಎತ್ತಿದರೆ 43ಕ್ಕೇ ಮಗುಚುತ್ತದೆ, 100 ಎತ್ತಿದರೆ 41ಕ್ಕೆ. ಇದು ಕಲ್ಲಿನ ಹಾಗೆ ಅಲುಗಾಡದ ಗಾಡಿಯ ಲೆಕ್ಕ. ನಿಜವಾದ ಗಾಡಿಯಲ್ಲಿ ಕೆಳಗಿನ ಕಡೆಯ ಕಮಾನು ಒತ್ತಿ, ಟೈರು ಬಾಗಿ, ಇನ್ನೂ ಮೊದಲೇ ಮಗುಚುತ್ತದೆ. ಮೇಲೆ ಕ್ಯಾರಿಯರಿನಲ್ಲಿ ಸ್ಟೆಪ್ನಿ, ಡೀಸೆಲ್ ಕ್ಯಾನು ಕಟ್ಟಿದ್ದರೆ ಕೇಳುವುದೇ ಬೇಡ. ಜಿಪ್ಸಿಯ ಅಣ್ಣತಮ್ಮ ಅಂತ ಹೇಳಬಹುದಾದ ಸುಜುಕಿ ಸಮುರಾಯ್ ಅಮೆರಿಕದಲ್ಲಿ ಮಾರಾಟದಲ್ಲಿದ್ದಾಗ, 1988ರಲ್ಲಿ ಅಲ್ಲಿನ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದು ತಿರುವಿನಲ್ಲಿ ಮಗುಚುವ ಅಪಾಯ ಇದೆ ಅಂತ ಬರೆಯಿತು. ಕಂಪನಿ ಅದನ್ನು ಒಪ್ಪಲಿಲ್ಲ, 1996ರಲ್ಲಿ ಕೋರ್ಟಿಗೆ ಹೋಯಿತು, 2004ರಲ್ಲಿ ರಾಜಿಯಾಯಿತು. ಯಾರು ಸರಿ ಅನ್ನುವುದಕ್ಕೆ ನಾನು ಹೋಗುವುದಿಲ್ಲ. ಎತ್ತಿಸದ ಗಾಡಿಯ ಬಗ್ಗೆಯೇ ಇಷ್ಟು ವರ್ಷ ಜಗಳ ನಡೆದಿದೆ ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಕಾನೂನಿನ ಮಾತು ಹೇಳದೆ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಹೇಳಿದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಬಂದ ತಿದ್ದುಪಡಿಯ 182ಎ ಸೆಕ್ಷನ್ನಿನಲ್ಲಿ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ದಂಡಕ್ಕಿಂತ ನನಗೆ ಚಿಂತೆ ಇನ್ಶೂರೆನ್ಸಿನದ್ದು. ಅಪಘಾತ ಆದಾಗ ಮಾರ್ಪಾಡು ತೋರಿಸಿ ಕ್ಲೇಮ್ ತಳ್ಳಿಹಾಕಿದರೆ ಮನೆಯವರ ಗತಿ ಏನು? ಕುಗ್ಗಿದ ಕಮಾನನ್ನು ಸರಿಪಡಿಸುವುದು ರಿಪೇರಿ. ದೊಡ್ಡ ಟೈರು, ಉದ್ದ ಶ್ಯಾಕಲ್ ಹಾಕಿ ಸಾರ್ವಜನಿಕ ರಸ್ತೆಗೆ ಇಳಿಯುವ ಮೊದಲು ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿಕೊಳ್ಳಿ.

ಮನೆಯಲ್ಲೇ ಕೆಲಸ ಮಾಡುವವರಿಗೆ ಒಂದು ಬೇಡಿಕೆ. ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಜಾಕಿ ಎತ್ತುವುದಕ್ಕೆ, ಹಿಡಿಯುವುದಕ್ಕೆ ಸ್ಟ್ಯಾಂಡ್. ನಮ್ಮ ಮಲೆನಾಡಿನ ಮಣ್ಣು ಮಳೆಗಾಲದಲ್ಲಿ ಮೆತ್ತಗೆ, ಸ್ಟ್ಯಾಂಡಿನ ಕಾಲು ಇಳಿದುಬಿಡುತ್ತದೆ. ಅಡಿಯಲ್ಲಿ ಅಗಲವಾದ ಹಲಗೆ ಹಾಕಿ. ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಬಿಚ್ಚಿದ ಚಕ್ರವನ್ನು ಚಾಸಿಸ್ಸಿನ ಅಡಿಗೆ ತಳ್ಳಿಡಿ, ಏನಾದರೂ ಜಾರಿದರೂ ನಿಮ್ಮ ಎದೆಗೆ ಮೊದಲು ಅದು ಅಡ್ಡ ಬರುತ್ತದೆ.

ಥಾರ್ ಇರುವವರು ಕೇಳಿ. 2010ರಿಂದ 2020ರವರೆಗಿನ ಥಾರ್‌ಗಳಲ್ಲಿ ಸಿಆರ್‌ಡಿಇ ಅನ್ನುವ ಡೀಸೆಲ್ ಇಂಜಿನ್ನಿನ ಮಾದರಿಗೆ ಮುಂದೆ ಟಾರ್ಷನ್ ಬಾರ್ ಇದೆ, ಅಂದರೆ ಕಮಾನಿನ ಬದಲು ತಿರುಚಿಕೊಂಡು ಭಾರ ಹೊರುವ ಉಕ್ಕಿನ ರಾಡು. ಅದರ ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತದೆ, ಖರ್ಚೇ ಇಲ್ಲ. ಆದರೆ ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನೇ ನೀವು ಎತ್ತರಕ್ಕೆ ಬಳಸಿಕೊಂಡಿರಿ. ಡ್ರೈವ್ ಶಾಫ್ಟ್ ಸದಾ ಬಾಗಿ ತಿರುಗುತ್ತದೆ, ಅದರ ರಬ್ಬರ್ ಬೂಟು ಹರಿದು ಗ್ರೀಸು ಹೋಗಿ ಮಣ್ಣು ಸೇರುತ್ತದೆ. ಸ್ವಲ್ಪ ತಿರುಗಿಸಿ, ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. 2023ರಲ್ಲಿ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಆಕ್ಸಲ್ಲನ್ನು ಚಾಸಿಸ್ಸಿಗೆ ಅಡ್ಡವಾಗಿ ಕಟ್ಟಿರುವ ಒಂದು ರಾಡು ಇದೆ. ಗಾಡಿ ಎತ್ತಿದಾಗ ಆ ರಾಡು ಆಕ್ಸಲ್ಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಒಂದು ಕಡೆ ಟೈರು ಫೆಂಡರಿನಿಂದ ಹೊರಗೆ, ಇನ್ನೊಂದು ಕಡೆ ಒಳಗೆ. ಉದ್ದ ಹೊಂದಿಸಬಹುದಾದ ರಾಡು ಹಾಕಿದರೆ ಸರಿಯಾಗುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. "ಅಲ್ಲ ಮಾರಾಯ್ರೇ, ದುಡ್ಡೇ ಖರ್ಚು ಮಾಡದೆ ಏನಾದ್ರೂ ಇದೆಯಾ?" ಇದೆ ಅಂದೆ. ಕೆಸರಿಗೆ, ಕಲ್ಲಿಗೆ ಇಳಿಯುವ ಮೊದಲು ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ, ನಿಧಾನ ಹೋಗಿ, ಟಾರಿಗೆ ಹತ್ತುವ ಮೊದಲು ಮತ್ತೆ ತುಂಬಿಸಿ. ಗಾಡಿ ಸ್ವಲ್ಪ ತಗ್ಗುತ್ತದೆ ನಿಜ, ಆದರೆ ಟೈರು ನೆಲವನ್ನು ಅಂಗೈಯ ಹಾಗೆ ಹಿಡಿಯುತ್ತದೆ. ಎತ್ತರ ಬೇಕು ಅಂತ ನಮಗೆ ಅನಿಸುವ ಎಷ್ಟೋ ಜಾಗದಲ್ಲಿ ಬೇಕಾಗಿರುವುದು ಹಿಡಿತ.

ಆಮೇಲೆ ಎಲ್ಲರೂ ಹೊರಗೆ ಹೋಗಿ ಟೇಪು ಹಿಡಿದೆವು. ಒಬ್ಬ ಹುಡುಗ ತನ್ನ ಜಿಪ್ಸಿಗೆ ಎರಡು ಇಂಚಿನ ಶ್ಯಾಕಲ್ ಆರ್ಡರ್ ಮಾಡುವವನಿದ್ದ. ಹಿಂದಿನ ಎಡ ಚಕ್ರಕ್ಕೂ ಬಲ ಚಕ್ರಕ್ಕೂ 22 ಮಿಲಿಮೀಟರ್ ವ್ಯತ್ಯಾಸ ಬಂತು. ಕೆಸರು ಕೆರೆದು ಟಾರ್ಚ್ ಬಿಟ್ಟು ನೋಡಿದೆವು. ಬಲಗಡೆಯ ಮೂರನೇ ಪಟ್ಟಿ ಕ್ಲಾಂಪಿನ ಪಕ್ಕದಲ್ಲೇ ತುಂಡಾಗಿತ್ತು. ಮುರಿದ ಅಂಚಿಗೆ ಆಗಲೇ ತುಕ್ಕು ಹಿಡಿದಿತ್ತು.